ಕಡಲಯಾನ ಮತ್ತು ಗೃಹಸ್ಥನ ಲೆಕ್ಕ

ಗೃಹಸ್ಥನಾದವನಿಗೆ ಪ್ರವಾಸವು ನಿಷಿದ್ಧವಲ್ಲ. ತೀರ್ಥವಂದನೆಗಾಗಿ, ವ್ಯಾಪಾರಕ್ಕಾಗಿ, ಬಂಧುಮಿತ್ರರ ಭೇಟಿಗಾಗಿ ಶ್ರಾವಕರು ಹಿಂದಿನಿಂದಲೂ ದೇಶಸಂಚಾರ ಮಾಡಿದವರೇ. ಆದರೆ ಕೇವಲ ವಿಶ್ರಾಂತಿಗಾಗಿ, ಹಡಗಿನಲ್ಲಿ ಕುಳಿತು ಕಡಲನ್ನು ನೋಡುವುದಕ್ಕಾಗಿ ಹಣ ವ್ಯಯಿಸುವುದು ಯುಕ್ತವೇ ಎಂಬ ಪ್ರಶ್ನೆ ಇತ್ತೀಚಿನದು. ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ, ಅಂತಹ ಪ್ರವಾಸವನ್ನು ಸಾಲವಿಲ್ಲದೆ, ಅಸತ್ಯವಿಲ್ಲದೆ, ನಿಯಮಭಂಗವಿಲ್ಲದೆ ಕೈಗೊಳ್ಳುವ ಬಗೆ ಯಾವುದೆಂದು ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ. ಶೃಂಗೇರಿ ತಾಲ್ಲೂಕಿನ ಕಿಗ್ಗದ ದಂಪತಿಗಳಿಬ್ಬರು 2019ರ ಮಾರ್ಚ್ ತಿಂಗಳಲ್ಲಿ ಕೈಗೊಂಡ ಯಾನವು ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಕಿಗ್ಗವು ಮಳೆಯ ಊರು. ಮಳೆಯ ದೇವರೆಂದು ಜನ ನಂಬುವ ಋಷ್ಯಶೃಂಗೇಶ್ವರನ ದೇವಾಲಯವೂ ಸಿರಿಮನೆಯ ಜಲಪಾತವೂ ಅಲ್ಲಿಯವೇ. ಅಲ್ಲಿ ಸುರಿದ ನೀರು ಹಳ್ಳಗಳ ಮೂಲಕ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯೊಡನೆ ಬೆರೆತು ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಕಡಲು ಘಟ್ಟದ ಕೆಳಗೆ, ಕೆಲವೇ ಗಂಟೆಗಳ ದಾರಿಯಲ್ಲಿದೆ. ಹತ್ತಿರದ ಕಡಲಿಗೆ ಬೆನ್ನು ಹಾಕಿ ದೂರದ ಕಡಲಿಗೆ ಹರಿಯುವ ಈ ನೀರಿನಂತೆಯೇ, ಅಡಕೆ ಮತ್ತು ಮೆಣಸಿನ ವ್ಯಾಪಾರ ಮಾಡುತ್ತಿದ್ದ ಆ ಯಜಮಾನರು ನಲವತ್ತು ವರ್ಷಗಳಲ್ಲಿ ಮಂಗಳೂರಿನ ಮಂಡಿಗೆ ನೂರಾರು ಬಾರಿ ಹೋಗಿದ್ದರೂ ಪತ್ನಿಯನ್ನು ಒಮ್ಮೆಯೂ ಕಡಲ ಮೇಲೆ ಕರೆದೊಯ್ದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹಳೆಬಂದರಿನ ದಕ್ಕೆಯ ಮೇಲೆ ನಿಂತು, ಲಕ್ಷದ್ವೀಪದಿಂದ ಬಂದ ಮಂಜಿಯೊಂದು ತೆಂಗಿನ ನಾರಿನ ಹಗ್ಗದ ಸುರುಳಿಗಳನ್ನು ಇಳಿಸುವುದನ್ನು ಕಂಡು, "ಇವರ ಊರಿಗೆ ನಾವೂ ಹೋಗಬಹುದೇ?" ಎಂದು ಆಕೆ ಕೇಳಿದ್ದರು. "ಹೋಗೋಣ" ಎಂದು ಅವರು ಹೇಳಿದ್ದರು. ಆ ಒಂದು ಮಾತಿಗೆ ನಲವತ್ತು ವರ್ಷ ಸಂದಿತ್ತು. ಈ ನಡುವೆ ಆಕೆಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿ ಎರಡು ವರ್ಷವೂ ಆಗಿತ್ತು. ಇನ್ನು ಮುಂದೂಡಿದರೆ ಕೊಟ್ಟ ಮಾತು ಹಾಗೆಯೇ ಉಳಿದುಬಿಡುತ್ತದೆ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳದೆಯೇ ಅರಿತಿದ್ದರು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಮೊದಲು ಮುಂದಿಟ್ಟದ್ದು ಸಿಂಗಪುರದಿಂದ ಹೊರಡುವ ದೊಡ್ಡ ವಿಲಾಸ ನೌಕೆಯ ಪ್ರಸ್ತಾಪವನ್ನು. "ಅಪ್ಪಯ್ಯ, ನೀವು ಏನೂ ಯೋಚನೆ ಮಾಡಬೇಡಿ, ಹನ್ನೆರಡು ಕಂತಿನಲ್ಲಿ ನಾನು ಕಟ್ಟುತ್ತೇನೆ" ಎಂದನು. ತಂದೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಒಂದು ಲಕ್ಷ ರೂಪಾಯಿಯನ್ನು ವಾರ್ಷಿಕ ಶೇಕಡಾ 15ರ ಬಡ್ಡಿಯಲ್ಲಿ 12 ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 9,026 ರೂಪಾಯಿಯಂತೆ ಒಟ್ಟು 1,08,310 ರೂಪಾಯಿ ಆಗುತ್ತದೆ. ನಾಲ್ಕು ದಿನದ ಸಂತೋಷಕ್ಕೆ ಒಂದು ವರ್ಷದ ಋಣ. "ಮನೆ ಕಟ್ಟಲು ಸಾಲ ಮಾಡಿದರೆ ಮನೆ ಉಳಿಯುತ್ತದೆ. ತಿಂದ ಊಟಕ್ಕೆ, ನೋಡಿದ ನೋಟಕ್ಕೆ ಸಾಲ ಮಾಡಿದರೆ ಸಾಲವೊಂದೇ ಉಳಿಯುತ್ತದೆ" ಎಂದು ಅವರು ಮಗನಿಗೆ ಹೇಳಿದರು. ಅದರ ಬದಲು ಅಂಚೆ ಕಚೇರಿಯಲ್ಲಿ ತಿಂಗಳಿಗೆ 1,000 ರೂಪಾಯಿಯಂತೆ ಐದು ವರ್ಷ ಕಟ್ಟಿದ್ದ ಆವರ್ತ ಠೇವಣಿ ಆಗ ಪಕ್ವವಾಗುತ್ತಿತ್ತು. ಅಸಲು 60,000, ಮೇಲೆ ಬಡ್ಡಿ. ಈ ಮೊತ್ತದೊಳಗೆ ಮುಗಿಯುವ ಯಾನವೇ ತಮ್ಮ ಯಾನವೆಂದು ಅವರು ನಿಶ್ಚಯಿಸಿದರು. ಜಾಹೀರಾತನ್ನು ನೋಡಿ ಮೊತ್ತವನ್ನು ಗೊತ್ತುಮಾಡದೆ, ಮೊತ್ತವನ್ನು ಗೊತ್ತುಮಾಡಿಕೊಂಡು ಜಾಹೀರಾತನ್ನು ನೋಡುವುದು ಮಿತವ್ಯಯದ ಮೊದಲನೆಯ ಸೂತ್ರ.

ಸಿಂಗಪುರವನ್ನು ಕೈಬಿಡಲು ಇನ್ನೊಂದು ಕಾರಣವೂ ಇತ್ತು. ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತದಲ್ಲಿ ತನ್ನ ಸಂಚಾರಕ್ಕೆ ದಿಕ್ಕುಗಳಲ್ಲಿ ಎಲ್ಲೆ ಹಾಕಿಕೊಳ್ಳಬೇಕಾಗುತ್ತದೆ. ಎಲ್ಲೆಯೆಂದು ಹಿಡಿಯಬಹುದಾದವುಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವಾಗ ಸಮುದ್ರ, ನದಿ, ಅಡವಿ, ಪರ್ವತ, ದೇಶ, ಯೋಜನ ಎಂದು ಎಣಿಸಿದ್ದಾರೆ. ಯಜಮಾನರ ತಂದೆಯವರು ಪಶ್ಚಿಮಕ್ಕೆ ಸಮುದ್ರವನ್ನೇ ತಮ್ಮ ಎಲ್ಲೆಯಾಗಿ ಸ್ವೀಕರಿಸಿದ್ದವರು. ಯಜಮಾನರು ವ್ಯಾಪಾರದ ಅನುಕೂಲವನ್ನು ನೋಡಿ ಭಾರತ ದೇಶದ ಗಡಿಯನ್ನು ತಮ್ಮ ಎಲ್ಲೆಯಾಗಿ ಇರಿಸಿಕೊಂಡಿದ್ದರು. ಲಕ್ಷದ್ವೀಪವು ಭಾರತದೊಳಗಿನದು. ಹೀಗೆ ವ್ರತ ಮತ್ತು ಲೆಕ್ಕ ಎರಡೂ ಒಂದೇ ದಾರಿಯನ್ನು ತೋರಿಸಿದವು. ಪತ್ನಿ ಕೇಳಿದ್ದೂ ಆ ದ್ವೀಪಗಳನ್ನೇ.

ಲಕ್ಷದ್ವೀಪವು ಕನ್ನಡ ಕರಾವಳಿಗೆ ಅಪರಿಚಿತವಾದುದಲ್ಲ. ಅಮಿನಿ, ಕಡಮತ್ತು, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಅಮಿನ್‌ದೀವಿ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಸೇರಿದ್ದು, 1799ರ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು, ಮಂಗಳೂರಿನಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲಾ ಆಡಳಿತದ ಅಧೀನದಲ್ಲಿದ್ದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಈ ನಂಟು ಮುಂದುವರಿಯಿತು. ದ್ವೀಪದವರು ತೆಂಗಿನ ನಾರನ್ನು ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ನಾರಿನ ವ್ಯಾಪಾರವು ಸರ್ಕಾರದ ಏಕಸ್ವಾಮ್ಯವಾಗಿದ್ದುದರಿಂದ ಬೆಲೆಯನ್ನು ನಿಗದಿಮಾಡುವವರು ಕೊಳ್ಳುವವರೇ ಆಗಿದ್ದರು. ತೂಕದ ತಕ್ಕಡಿಯ ಎರಡು ಬದಿಯೂ ಒಬ್ಬನ ಕೈಯಲ್ಲಿದ್ದರೆ ಬಡವನ ಗತಿ ಏನಾಗುತ್ತದೆಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ.

ದಂಪತಿಗಳ ಮುಂದೆ ಈಗ ಎರಡು ಮಾರ್ಗಗಳಿದ್ದವು. ಮುಂಬಯಿಯಿಂದ ಹೊರಡುವ ಖಾಸಗಿ ವಿಲಾಸ ನೌಕೆ ಒಂದು. ಕೊಚ್ಚಿಯಿಂದ ಹೊರಡುವ ಲಕ್ಷದ್ವೀಪ ಆಡಳಿತದ ಹಡಗು ಇನ್ನೊಂದು. ಇವೆರಡನ್ನು ತೂಗಿ ನೋಡಿದ ರೀತಿಯು ಯಾರಿಗಾದರೂ ಉಪಯೋಗಕ್ಕೆ ಬರುವಂತಹುದು.

ಮೊದಲನೆಯದಾಗಿ, ಜಾಹೀರಾತಿನಲ್ಲಿ ಕಾಣುವ ದರವು ಪೂರ್ಣ ದರವಲ್ಲ. ಅದು ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇದ್ದಾಗ ತಲೆಯೊಂದಕ್ಕೆ ಬೀಳುವ ದರ. ಒಬ್ಬರೇ ಹೋದರೆ ಬಹುಪಾಲು ಇಬ್ಬರ ದರವನ್ನೇ ತೆರಬೇಕಾಗುತ್ತದೆ. ಅದರ ಮೇಲೆ ಬಂದರು ಶುಲ್ಕ, ಸೇವಕರ ಭಕ್ಷೀಸಿನ ಹೆಸರಿನಲ್ಲಿ ದಿನವಹಿ ಸೇವಾ ಶುಲ್ಕ, ಜಿ.ಎಸ್.ಟಿ. ಇವು ಸೇರುತ್ತವೆ. ತಲೆಗೆ 20,000 ಎಂಬುದನ್ನು ಓದಿ ಇಬ್ಬರಿಗೆ 40,000 ಎಂದು ಎಣಿಸಿದವನು ಕೊನೆಯ ರಸೀದಿಯನ್ನು ಕಂಡಾಗ ಬೆರಗಾಗುವುದು ಸಹಜ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಎಲ್ಲವೂ ಸೇರಿ ಇಬ್ಬರಿಗೆ ಎಷ್ಟು? ಬರೆದುಕೊಡಿ." ಬರೆದುಕೊಡಲು ಹಿಂಜರಿಯುವ ದಲ್ಲಾಳಿಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ವಿದೇಶ ಪ್ರವಾಸದ ಪ್ಯಾಕೇಜ್ ಆದರೆ ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆಯೂ ಇರುತ್ತದೆ. ಅದು ನಷ್ಟವಲ್ಲ, ವಾರ್ಷಿಕ ವಿವರಪತ್ರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿ ಇರುವುದಿಲ್ಲ.

ಎರಡನೆಯದಾಗಿ, ಲೆಕ್ಕವು ಬಂದರಿನಿಂದ ಬಂದರಿಗಲ್ಲ, ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಇರಬೇಕು. ಮುಂಬಯಿಗಾದರೆ ಆಗುಂಬೆ ಘಾಟಿ ಇಳಿದು, ಉಡುಪಿಯಲ್ಲಿ ಕೊಂಕಣ ರೈಲು ಹಿಡಿದು, ಮುಂಬಯಿಯಲ್ಲಿ ಒಂದು ರಾತ್ರಿ ತಂಗಬೇಕು. ಕೊಚ್ಚಿಗಾದರೆ ಕೆರೆಕಟ್ಟೆಯ ಮೇಲಿನಿಂದ ಕಾರ್ಕಳಕ್ಕೆ ಇಳಿದು, ಮಂಗಳೂರಿನಲ್ಲಿ ರಾತ್ರಿಯ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಎರ್ನಾಕುಳಂ. ಯಾವ ಬಂದರಿಗೇ ಆದರೂ ಹಿಂದಿನ ದಿನವೇ ಸೇರುವುದು ಕ್ಷೇಮ. ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತರೆ ಮುಂದಿನ ಬಸ್ಸಿಗೆ ಹೋಗಬಹುದು, ಹಡಗು ಕಾಯುವುದಿಲ್ಲ. ಒಂದು ರಾತ್ರಿಯ ವಸತಿಯನ್ನು ಉಳಿಸಲು ಹೋಗಿ ಇಡೀ ಯಾನವನ್ನು ಕಳೆದುಕೊಂಡವರಿದ್ದಾರೆ.

ಮೂರನೆಯದಾಗಿ, ಕೋಣೆಯ ಆಯ್ಕೆ. ವಿಲಾಸ ನೌಕೆಗಳಲ್ಲಿ ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯುಳ್ಳ ಕೋಣೆ, ಜಗಲಿಯುಳ್ಳ ಕೋಣೆ ಎಂದು ಶ್ರೇಣಿಗಳಿರುತ್ತವೆ. ಊಟ, ಮೇಲಟ್ಟ, ಸಭಾಂಗಣ ಎಲ್ಲರಿಗೂ ಒಂದೇ ಆಗಿರುವುದರಿಂದ ಕೋಣೆಯಲ್ಲಿ ಮಲಗುವುದನ್ನುಳಿದು ಬೇರೇನೂ ಮಾಡದವರಿಗೆ ಒಳಕೋಣೆಯೇ ಸಾಕು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಹೊಯ್ದಾಟ ಕಡಿಮೆ. ವಾಂತಿಯ ಭಯವುಳ್ಳವರು ಮುಂಭಾಗದ ಮೇಲಂತಸ್ತಿನ ದುಬಾರಿ ಕೋಣೆಯನ್ನು ಕೊಂಡು ಸಂಕಟಪಡುವುದಕ್ಕಿಂತ ನಡುವಿನ ಅಗ್ಗದ ಕೋಣೆಯಲ್ಲಿ ನೆಮ್ಮದಿಯಾಗಿ ನಿದ್ರಿಸಬಹುದು.

ನಾಲ್ಕನೆಯದಾಗಿ, ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರವು ಪ್ರಕ್ಷುಬ್ಧವಾಗಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನ ನಡುವೆಯೂ ಚಂಡಮಾರುತದ ಸಂಭವವಿದೆ. 2017ರ ಡಿಸೆಂಬರಿನ ಆರಂಭದಲ್ಲಿ ಓಖಿ ಚಂಡಮಾರುತವು ಈ ದ್ವೀಪಗಳನ್ನು ಅಪ್ಪಳಿಸಿದ್ದನ್ನು ಮರೆಯಲಾಗದು. ಕಡಲು ಶಾಂತವಾಗಿರುವ ಜನವರಿ, ಫೆಬ್ರವರಿ ತಿಂಗಳುಗಳೇ ಮಲೆನಾಡಿನಲ್ಲಿ ಅಡಕೆಯವರಿಗೆ ಬಿಡುವಿಲ್ಲದ ತಿಂಗಳುಗಳು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಬಂದು ದರವೂ ನೂಕುನುಗ್ಗಲೂ ಏರುತ್ತವೆ. ಮಕ್ಕಳ ಪರೀಕ್ಷೆ ನಡೆಯುವ ಮಾರ್ಚ್ ತಿಂಗಳ ನಡುವಿನ ದಿನಗಳು ವೃದ್ಧ ದಂಪತಿಗಳಿಗೆ ಪ್ರಶಸ್ತವೆಂದು ಯಜಮಾನರು ಕಂಡುಕೊಂಡರು. ವಾರಾಂತ್ಯದ ಯಾನಕ್ಕಿಂತ ವಾರದ ನಡುವಿನ ಯಾನ ಅಗ್ಗವೆಂಬುದೂ ನೆನಪಿನಲ್ಲಿರಬೇಕು.

ಐದನೆಯದಾಗಿ, ರದ್ದತಿಯ ನಿಯಮ. ಹೊರಡುವ ದಿನ ಹತ್ತಿರವಾದಂತೆ ಹಿಂದಕ್ಕೆ ಬರುವ ಹಣ ಹಂತಹಂತವಾಗಿ ಕಡಿಮೆಯಾಗಿ, ಕೊನೆಗೆ ಏನೂ ಬಾರದಂತಾಗುತ್ತದೆ. ಮುಂಗಡ ಕೊಡುವ ಮೊದಲು ಈ ಹಂತಗಳ ತಾರೀಖುಗಳನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಆರನೆಯದಾಗಿ, ಹೆಸರು. ನಮ್ಮವರ ಹೆಸರಿನ ಹಿಂದೆ ಮುಂದೆ ಇರುವ ಇನಿಷಿಯಲ್‌ಗಳು ಒಂದು ಕಾಗದದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಇರುವುದು ಸಾಮಾನ್ಯ. ಟಿಕೆಟಿನ ಹೆಸರು ಗುರುತಿನ ಚೀಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪ್ರವೇಶಪತ್ರ ಬೇಕಾಗಿರುವುದರಿಂದ ಈ ಎಚ್ಚರ ಮತ್ತಷ್ಟು ಅಗತ್ಯ.

ಇಷ್ಟೆಲ್ಲ ತೂಗಿದ ಬಳಿಕ ಕೊಚ್ಚಿಯ ಹಡಗೇ ನಿಶ್ಚಯವಾಯಿತು. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆಯು ಆ ಕಾಲದಲ್ಲಿ 'ಸಮುದ್ರಂ' ಎಂಬ ಹೆಸರಿನಲ್ಲಿ ಐದು ದಿನಗಳ ಯಾನವನ್ನು ನಡೆಸುತ್ತಿತ್ತು. ವಿಶಾಖಪಟ್ಟಣದಲ್ಲಿ ನಿರ್ಮಿತವಾದ, 700 ಪ್ರಯಾಣಿಕರನ್ನು ಒಯ್ಯಬಲ್ಲ ಎಂ.ವಿ. ಕವರತ್ತಿ ಎಂಬ ಹಡಗಿನಲ್ಲಿ ರಾತ್ರಿಯ ವಾಸ. ಹಗಲಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳ ದರ್ಶನ. ಕೊಚ್ಚಿಯಿಂದ ಕವರತ್ತಿ 404 ಕಿಲೋಮೀಟರ್, ಮಿನಿಕಾಯ್ 398, ಕಲ್ಪೇನಿ 287. ನಾಟ್ಯವಿಲ್ಲ, ಜೂಜಿನ ಮೇಜಿಲ್ಲ. ದ್ವೀಪಗಳಲ್ಲಿ ಪಾನನಿಷೇಧ ಜಾರಿಯಲ್ಲಿದ್ದುದು ಶ್ರಾವಕರಿಗೆ ಅನುಕೂಲವೇ ಆಯಿತು.

ಆದರೆ ಒಂದು ಕಾಗದ ಉಳಿದಿತ್ತು. ಪ್ರವಾಸದ ವಿಮೆಗಾಗಿ ತುಂಬಬೇಕಾದ ನಮೂನೆಯಲ್ಲಿ, ಮೊದಲೇ ಇರುವ ರೋಗಗಳನ್ನೂ ಆಗಿರುವ ಶಸ್ತ್ರಚಿಕಿತ್ಸೆಗಳನ್ನೂ ಬರೆಯಲು ಒಂದು ಖಾಲಿ ಜಾಗವಿತ್ತು. ಕಾಗದಪತ್ರ ಮಾಡಿಸಿಕೊಡುತ್ತಿದ್ದ ದಲ್ಲಾಳಿಯು, "ಅಲ್ಲಿ ಏನೂ ಬರೆಯಬೇಡಿ. ಬರೆದರೆ ಕಂತು ಏರುತ್ತದೆ, ವೈದ್ಯರ ಪತ್ರ ಕೇಳುತ್ತಾರೆ, ಕೊನೆಗೆ ಹಡಗಿನವರೇ ಬೇಡವೆನ್ನಬಹುದು. ಎಲ್ಲರೂ ಖಾಲಿ ಬಿಡುತ್ತಾರೆ" ಎಂದನು.

ಯಜಮಾನರು ಆ ನಮೂನೆಯನ್ನು ಮನೆಗೆ ತಂದು ಎರಡು ದಿನ ಮೇಜಿನ ಮೇಲೆ ಇಟ್ಟರು. ಅವರು ತೂಕದಲ್ಲಿ ಮೋಸ ಮಾಡಿದವರಲ್ಲ; ಕಿಗ್ಗದ ಸುತ್ತಿನ ಬೆಳೆಗಾರರು ಅವರ ಅಂಗಡಿಯಲ್ಲಿ ತಕ್ಕಡಿಯ ಕಡೆಗೆ ನೋಡುತ್ತಲೇ ಇರಲಿಲ್ಲ. ಆದರೂ ಆ ಖಾಲಿ ಜಾಗದ ಮುಂದೆ ಅವರ ಮನಸ್ಸು ಸೋತಿತು. ಅದಕ್ಕೆ ಹಣದಾಸೆ ಕಾರಣವಲ್ಲ. ನಲವತ್ತು ವರ್ಷದ ಹಿಂದೆ ಕೊಟ್ಟ ಮಾತು ಒಂದು ಸಾಲಿನ ಬರಹದಿಂದ ಮುರಿದುಹೋಗುತ್ತದೆಂಬ ಭಯ. ಮೂರನೆಯ ದಿನ ಅವರು ಪತ್ನಿಗೆ, "ಖಾಲಿ ಬಿಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲ. ಹೇಳಲಿಲ್ಲ, ಅಷ್ಟೇ" ಎಂದರು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಣ ಮೆಣಸಿನ ಚೀಲದ ಅಡಿಯಲ್ಲಿ ಹಸಿ ಮೆಣಸು ತುಂಬಿಸಿ ತಂದವನಿಗೆ ನೀವು ಏನು ಹೇಳುತ್ತಿದ್ದಿರಿ?" ಎಂದು ಕೇಳಿದರು.

ಯಜಮಾನರು ಉತ್ತರಿಸಲಿಲ್ಲ. ಅಂತಹ ಚೀಲವನ್ನು ಅವರು ಬೈಯದೆ, ಬೆಲೆ ಕಟ್ಟದೆ ಹಿಂದಕ್ಕೆ ಕಳುಹಿಸುತ್ತಿದ್ದರು. ತಂದವನೂ "ನಾನು ಸುಳ್ಳು ಹೇಳಲಿಲ್ಲ, ನೀವು ಕೇಳಲಿಲ್ಲ" ಎನ್ನುತ್ತಿದ್ದನು.

"ಇಲ್ಲಿಯಾದರೋ ಅವರು ಕೇಳಿಯೇ ಇದ್ದಾರೆ" ಎಂದರು ಆಕೆ. "ಬರೆಯಿರಿ. ಬೇಡವೆಂದರೆ ಸಿರಿಮನೆಗೆ ಹೋಗಿ ಬರೋಣ."

ಸತ್ಯಾಣುವ್ರತದ ಅತಿಚಾರಗಳನ್ನು ಪುಸ್ತಕದಲ್ಲಿ ಓದಿದವರು ಬಹಳ. ಖಾಲಿ ಬಿಟ್ಟ ಜಾಗವೂ ಒಂದು ಬರಹವೇ ಎಂಬುದನ್ನು ಆ ಮನೆಯಲ್ಲಿ ತಿಳಿಸಿದವರು ಅವುಗಳ ಹೆಸರನ್ನೂ ನೆನಪಿಟ್ಟುಕೊಂಡಿರದ ಗೃಹಿಣಿ. ಲೌಕಿಕ ದೃಷ್ಟಿಯಿಂದ ನೋಡಿದರೂ ಆಕೆಯ ಮಾತೇ ಸರಿ. ರೋಗವನ್ನು ಮುಚ್ಚಿಟ್ಟು ಪಡೆದ ವಿಮೆಯಲ್ಲಿ, ಆ ರೋಗವೇ ಕಾಣಿಸಿಕೊಂಡಾಗ ಪರಿಹಾರವನ್ನು ನಿರಾಕರಿಸಲು ವಿಮೆಯವರಿಗೆ ಅವಕಾಶವಿರುತ್ತದೆ. ಅಂತಹ ವಿಮೆಯು ಅಗ್ಗವಲ್ಲ. ಕಟ್ಟಿದ ಕಂತೆಲ್ಲ ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, ಭೂಮಿಯಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಎದೆನೋವು ಬಂದರೆ ಚಿಕಿತ್ಸೆ ನೀಡುವ ವೈದ್ಯನಿಗೆ ಮೊದಲೇ ವಿಷಯ ತಿಳಿದಿರಬೇಕು.

ನಮೂನೆಯಲ್ಲಿ ಸತ್ಯವನ್ನು ಬರೆಯಲಾಯಿತು. ದಲ್ಲಾಳಿ ಹೇಳಿದಂತೆ ಕಂತು ಏರಿತು. ವೈದ್ಯರ ಪತ್ರವೂ ಬೇಕಾಯಿತು. ಚಿಕಿತ್ಸೆ ನೀಡಿದ ವೈದ್ಯರು ಪರೀಕ್ಷಿಸಿ, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದೂ ಆಯಾಸವಾಗುವ ಕೆಲಸ ಕೂಡದೆಂದೂ ಬರೆದುಕೊಟ್ಟರು. ಆ ಪತ್ರದ ಒಂದು ಪ್ರತಿಯನ್ನು ಹಡಗಿನ ವೈದ್ಯರಿಗೂ ಒಪ್ಪಿಸಲಾಯಿತು.

ಆಹಾರದ ಏರ್ಪಾಡೂ ಮೊದಲೇ ಆಗಬೇಕಾದ ಕೆಲಸ. ದೊಡ್ಡ ಖಾಸಗಿ ನೌಕೆಗಳಲ್ಲಿ ಮುಂಚಿತವಾಗಿ ತಿಳಿಸಿದರೆ ಜೈನ ಆಹಾರ ದೊರೆಯುವುದುಂಟು. ಸರ್ಕಾರಿ ಹಡಗಿನಲ್ಲಿ ಸಸ್ಯಾಹಾರ ಸಿಗುತ್ತಿತ್ತು, ಆದರೆ ಗಡ್ಡೆ ಬೇರುಗಳಿಲ್ಲದ ಅಡುಗೆಯನ್ನು ನಿರೀಕ್ಷಿಸುವಂತಿರಲಿಲ್ಲ. ರಾತ್ರಿಯ ಊಟದ ಹೊತ್ತು ಸೂರ್ಯಾಸ್ತದ ಅನಂತರವೇ. ದಂಪತಿಗಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಒಣ ಹಣ್ಣುಗಳನ್ನು ಕಟ್ಟಿಕೊಂಡರು. ನೀರು ಸೋಸುವ ಬಟ್ಟೆಯನ್ನೂ ಮರೆಯಲಿಲ್ಲ. ಹಡಗಿನ ಅಡುಗೆಮನೆಯವನನ್ನು ಮೊದಲ ದಿನವೇ ಕಂಡು, ಸಂಜೆ ಐದು ಗಂಟೆಗೆ ಬಿಳಿ ಅನ್ನ ಮತ್ತು ಬೇಯಿಸಿದ ಬೇಳೆ ಕೊಡಲಾದೀತೇ ಎಂದು ವಿನಯದಿಂದ ಕೇಳಿದರು. ಅವನು ಕಾರಣ ಕೇಳಿ, ತಿಳಿದುಕೊಂಡು, ಪ್ರತಿದಿನವೂ ತಪ್ಪದೆ ತಂದಿಟ್ಟನು. ನಿಯಮವುಳ್ಳವರು ಅದನ್ನು ಹಕ್ಕಿನಂತೆ ಗರ್ಜಿಸಿ ಕೇಳುವುದಕ್ಕಿಂತ ಮೊದಲೇ ತಿಳಿಸಿ ಕೇಳಿಕೊಂಡರೆ ಜಗತ್ತಿನಲ್ಲಿ ಸಹಕರಿಸುವವರು ಬಹಳ ಮಂದಿ ಇದ್ದಾರೆ.

ಕವರತ್ತಿಯ ದಿನ ಸುಗಮವಾಗಿ ಕಳೆಯಿತು. ಮರುದಿನ ಕಲ್ಪೇನಿ. ಹವಳದ ದಿಬ್ಬದ ಒಳಗಿನ ನೀರು ಆಳವಿಲ್ಲದ್ದರಿಂದ ಹಡಗು ಹೊರಗೆ ನಿಲ್ಲುತ್ತದೆ; ಪ್ರಯಾಣಿಕರು ಹಡಗಿನ ಪಾರ್ಶ್ವದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಆ ಬೆಳಿಗ್ಗೆ ಅಲೆ ಹೆಚ್ಚಾಗಿತ್ತು. ದೋಣಿ ಒಮ್ಮೆ ಬಾಗಿಲಿನ ಮಟ್ಟಕ್ಕೆ ಏರಿ, ಮರುಕ್ಷಣ ಆಳುದ್ದ ಕೆಳಗಿಳಿಯುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಆಕೆಯನ್ನು ಹಡಗಿನ ವೈದ್ಯರು ಗುರುತಿಸಿ, ಪತ್ರವನ್ನು ನೆನಪಿಸಿಕೊಂಡು, ಇಂದು ಇಳಿಯುವುದು ಬೇಡವೆಂದು ಸ್ಪಷ್ಟವಾಗಿ ಹೇಳಿದರು.

ಯಜಮಾನರ ಮುಖ ಕಂದಿತು. ಬರೆಯದೆ ಇದ್ದಿದ್ದರೆ ಈ ಹೊತ್ತಿಗೆ ಇಬ್ಬರೂ ದೋಣಿಯಲ್ಲಿ ಇರುತ್ತಿದ್ದೆವಲ್ಲ ಎಂಬ ಯೋಚನೆ ಅವರಿಗೆ ಬಂದಿತು. ಅದನ್ನು ಅವರು ಆಮೇಲೆ ಒಪ್ಪಿಕೊಂಡಿದ್ದಾರೆ. ತಾವೂ ಇಳಿಯುವುದಿಲ್ಲವೆಂದು ಅವರು ಹೇಳಿದಾಗ ಪತ್ನಿ ಒಪ್ಪಲಿಲ್ಲ. "ಇಬ್ಬರ ಹಣವೂ ಏಕೆ ವ್ಯರ್ಥವಾಗಬೇಕು? ನೀವು ಹೋಗಿ ನೋಡಿ ಬಂದು ಹೇಳಿ" ಎಂದರು. ಅವರು ಹೋದರು. ಸಂಜೆ ಮರಳಿ ಬಂದು, ನೀರಿನ ಬಣ್ಣವನ್ನು ವರ್ಣಿಸಲು ಪ್ರಯತ್ನಿಸಿ, ಸಾಧ್ಯವಾಗದೆ ಸುಮ್ಮನಾದರು. ಕೈಯಲ್ಲಿ ಒಂದು ಕಪ್ಪೆಚಿಪ್ಪೂ ಇರಲಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದರ ಚೂರನ್ನೂ ಒಯ್ಯುವಂತಿಲ್ಲ. ಕಾನೂನು ಇಲ್ಲದಿದ್ದರೂ, ಜೀವಿಗಳು ಕಟ್ಟಿದ ಮನೆಯನ್ನು ಕಿತ್ತು ಕಪಾಟಿನಲ್ಲಿಡುವುದು ಶ್ರಾವಕನಿಗೆ ತಕ್ಕುದಲ್ಲ.

ಆಕೆಯ ಹಗಲು ಮೇಲಟ್ಟದ ನೆರಳಿನಲ್ಲಿ ಕಳೆದಿತ್ತು. ಪಕ್ಕದ ಬೆಂಚಿನಲ್ಲಿ ಮಿನಿಕಾಯ್ ದ್ವೀಪದ ವೃದ್ಧೆಯೊಬ್ಬಳು ಕೊಚ್ಚಿಯ ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದಳು. ಮಿನಿಕಾಯ್‌ನ ಭಾಷೆ ಮಹಲ್; ಇತರ ದ್ವೀಪಗಳ ಮಲಯಾಳಂ ಕೂಡ ಅದಲ್ಲ. ಕನ್ನಡಕ್ಕೂ ಮಹಲ್‌ಗೂ ನಡುವೆ ಒಂದು ಮಾತೂ ಸಮಾನವಾಗಿರಲಿಲ್ಲ. ವೃದ್ಧೆ ತನ್ನ ಎದೆಯನ್ನು ಮುಟ್ಟಿ ತೋರಿಸಿದಳು. ಈಕೆಯೂ ತನ್ನ ಎದೆಯನ್ನು ಮುಟ್ಟಿ ತೋರಿಸಿದರು. ಆಮೇಲೆ ಇಬ್ಬರೂ ತಮ್ಮ ತಮ್ಮ ಔಷಧದ ಡಬ್ಬಿಗಳನ್ನು ತೆರೆದು ಗುಳಿಗೆಗಳನ್ನು ಹೋಲಿಸಿ ನೋಡಿದರು.

ಪ್ರವಾಸಿಗರಿಗೆ ವಿಹಾರವಾದ ಹಡಗು ದ್ವೀಪದವರಿಗೆ ಬಸ್ಸೂ ಹೌದು, ಆಸ್ಪತ್ರೆಯ ದಾರಿಯೂ ಹೌದು ಎಂಬುದು ಆಕೆಗೆ ಆ ದಿನ ತಿಳಿಯಿತು. ಶೃಂಗೇರಿಯ ಬಸ್ಸು ತಪ್ಪಿದರೆ ಕಿಗ್ಗದವರು ಅನುಭವಿಸುವ ಕಷ್ಟವನ್ನು ಆಕೆ ಬಲ್ಲವರು. ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳೂ ರೋಗಿಗಳೂ ಊರಿಗೆ ಮರಳುವಾಗ ಅವರ ಆಸನವನ್ನು ವಿಹಾರಕ್ಕಾಗಿ ನಾವು ಆಕ್ರಮಿಸದಂತೆ ತಿಂಗಳನ್ನು ಆರಿಸಿಕೊಳ್ಳುವುದೂ ಪ್ರವಾಸಿಯ ಧರ್ಮವೇ. ಯಜಮಾನರು ಅಗ್ಗವೆಂದು ಆರಿಸಿದ ಮಾರ್ಚ್ ತಿಂಗಳು ಈ ದೃಷ್ಟಿಯಿಂದಲೂ ಸರಿಯಾದದ್ದೇ ಆಗಿತ್ತು.

ಮಿನಿಕಾಯ್ ತಲುಪಿದ ದಿನ ಕಡಲು ತಣ್ಣಗಿತ್ತು. ವೈದ್ಯರು ತಡೆಯಲಿಲ್ಲ. ಆಕೆ ಇಳಿದು, 1885ರಲ್ಲಿ ಕಟ್ಟಿದ ದೀಪಸ್ತಂಭದ ಬುಡದವರೆಗೆ ನಿಧಾನವಾಗಿ ನಡೆದು, ಮೆಟ್ಟಿಲು ಹತ್ತದೆ ಕೆಳಗೆಯೇ ಕುಳಿತರು. ತೆಂಗಿನ ತೋಟದ ನಡುವೆ ನಾರನ್ನು ಹೊಸೆಯುತ್ತಿದ್ದ ಹೆಂಗಸರನ್ನು ನೋಡಿ, "ಇದೇ ಹಗ್ಗ" ಎಂದಷ್ಟೇ ಗಂಡನಿಗೆ ಹೇಳಿದರು.

ಈ ಯಾನವನ್ನು ಅನುಸರಿಸಬಯಸುವವರು ವ್ಯವಸ್ಥೆಗಳು ಬದಲಾಗುತ್ತಿರುತ್ತವೆ ಎಂಬುದನ್ನು ಮರೆಯಬಾರದು. 2021ರ ಡಿಸೆಂಬರಿನಲ್ಲಿ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. 2021ರ ಸೆಪ್ಟೆಂಬರಿನಿಂದ ಮುಂಬಯಿಯಲ್ಲಿ ಕಾರ್ಡೇಲಿಯಾ ಎಂಬ ಖಾಸಗಿ ಸಂಸ್ಥೆಯ ಯಾನಗಳು ಆರಂಭವಾದವು. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಮಂಗಳೂರಿನ ಹಳೆಬಂದರಿಗೆ ವೇಗದ ಪ್ರಯಾಣಿಕ ನೌಕೆಯೊಂದು ಬಂದು ಹಳೆಯ ನಂಟನ್ನು ನೆನಪಿಸಿತು. ಆದ್ದರಿಂದ ಹಣ ಕಟ್ಟುವ ಮೊದಲು ಯಾವ ಹಡಗು, ಯಾವ ಬಂದರು, ಯಾವ ದಿನ ಎಂಬುದನ್ನು ಆಡಳಿತದ ಕಚೇರಿಯಲ್ಲಿ ಹೊಸದಾಗಿ ವಿಚಾರಿಸಬೇಕು. ಹಳಬರ ಅನುಭವವು ಪ್ರಶ್ನೆಗಳನ್ನು ಕಲಿಸಬಲ್ಲದು. ಉತ್ತರಗಳನ್ನು ಪ್ರತಿಯೊಬ್ಬರೂ ತಾವೇ ಪಡೆಯಬೇಕು.

ಕಿಗ್ಗಕ್ಕೆ ಮರಳಿದ ಬಳಿಕ ಯಜಮಾನರು ಲೆಕ್ಕದ ಪುಸ್ತಕವನ್ನು ಮುಗಿಸಿದರು. ಆಪತ್ತಿಗೆಂದು ತೆಗೆದಿರಿಸಿದ್ದ ಹಣ ಖರ್ಚಾಗದೆ ಉಳಿದಿತ್ತು. ಅದನ್ನು ಯಾವುದಕ್ಕೆ ಬಳಸುವುದೆಂದು ಕೇಳಿದಾಗ ಪತ್ನಿ ಗುಳಿಗೆಯ ಡಬ್ಬಿಯನ್ನು ತೋರಿಸಿದರು. ಚತುರ್ವಿಧ ದಾನಗಳಲ್ಲಿ ಒಂದಾದ ಔಷಧದಾನದ ಖಾತೆಗೆ ಆ ಮೊತ್ತ ಜಮೆಯಾಯಿತು. ಊರಿನ ಇಬ್ಬರು ಬಡರೋಗಿಗಳ ಕೆಲವು ತಿಂಗಳ ಗುಳಿಗೆಗೆ ಅದು ಸಾಕಾಯಿತು.

ಮಳೆಗಾಲದ ಸಂಜೆಗಳಲ್ಲಿ ಯಜಮಾನರು ಈಗಲೂ ಒಮ್ಮೊಮ್ಮೆ, "ಆ ದಿನ ಬರೆಯದೆ ಇದ್ದಿದ್ದರೆ ನೀನು ಕಲ್ಪೇನಿಯನ್ನೂ ನೋಡಬಹುದಿತ್ತು" ಎನ್ನುವುದುಂಟು. ಆಕೆ ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತದೆಯೇ, "ನೀವು ನೋಡಿ ಬಂದಿರಲ್ಲ, ಸರಿಯಾಗಿ ಹೇಳಲಿಲ್ಲ ಅಷ್ಟೇ" ಎಂದು ಉತ್ತರಿಸುತ್ತಾರೆ.